ಶ್ರೀ: ನಾಟ್ ಫೌಂಡ್

ಕಂಪ್ಯೂಟರಿನ ಶೆಲ್ ಬಗ್ಗೆ ಮೊದಲು ತಿಳಿದುಕೊಳ್ಳಬೇಕಾದದ್ದು ಇಷ್ಟೇ: ಅದು ಹೂಂ ಅನ್ನುವುದಿಲ್ಲ.

ಇದನ್ನು ಯಾವ ಪುಸ್ತಕದವರೂ ಮೊದಲ ಪುಟದಲ್ಲಿ ಬರೆಯುವುದಿಲ್ಲ. ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿರುವ ಹುಡುಗ ಹುಡುಗಿಯರು ಮೊನ್ನೆ ನನ್ನನ್ನು ಕರೆಸಿ ಚಹಾ ಕುಡಿಸಿದರು. ಅವರನ್ನು ಕಪ್ಪು ಪರದೆಯ ಮುಂದೆ ಕೂರಿಸಿದ್ದಾರೆ. ಮೌಸ್ ಇಲ್ಲ, ಚಿತ್ರ ಇಲ್ಲ, ಒಂದು ಗುರುತು ಮಿಣುಕುತ್ತ ಕಾಯುತ್ತಿರುತ್ತದೆ. "ಸರ್, ನಿಮ್ಮ ಕಾಲದಾಗ ಇದರ ಮ್ಯಾಲೇ ಕೆಲಸ ಮಾಡ್ತಿದ್ರಂತ. ಹ್ಯಾಂಗ ಕಲ್ತ್ರಿ, ಜರಾ ಬರದು ಕೊಡ್ರಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾವಾಗ ಸಿಗಲಿಲ್ಲ ಎಂಬುದನ್ನು ಬಿಟ್ಟಿದ್ದೇನೆ. ಎರಡನೆಯದು ಬಹಳ ಉದ್ದ ಇದೆ.

ಬಿತ್ತನೆ ಬೀಜ ಮತ್ತು ಗೊಬ್ಬರ ಯಾವ ಗೋದಾಮಿನಲ್ಲಿ ಎಷ್ಟಿದೆ ಎಂದು ನೋಡಿಕೊಳ್ಳುವ ಕಚೇರಿ ನಮ್ಮದು. ಹೆಸರು ಬೇಡ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಬಾಡಿಗೆ ಕಟ್ಟಡ. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೊಂದು ಯುನಿಕ್ಸ್ ಯಂತ್ರ ಬಂತು. ನಾನು ಆಗ ಟೈಪಿಸ್ಟ್. ಯಂತ್ರ ಬಂದ ದಿನ ನಮ್ಮ ಅಧಿಕಾರಿ ದೇಶಮುಖ ಸಾಹೇಬರು ನನ್ನನ್ನು ಒಳಗೆ ಕರೆದು, "ಶರಣಪ್ಪಾ, ನಿನಗ ಥಂಡಿ ತಡಕೊಳ್ಳಾಕ ಆಗ್ತದೇನಪಾ?" ಅಂದರು. "ಆಗ್ತದ್ರಿ" ಅಂದೆ. ಕಂಪ್ಯೂಟರ್ ಕೋಣೆಯಲ್ಲಿ ಎಸಿ ಇತ್ತು. ನನ್ನ ಸಂದರ್ಶನ ಮುಗಿಯಿತು.

ಇನ್ನೊಬ್ಬನನ್ನೂ ಹೀಗೇ ಆರಿಸಿದರು, ಖಾದರ್ ಎಂದು. ಅವನೂ ಟೈಪಿಸ್ಟ್, ನನ್ನ ಓರಗೆಯವನು, ಮೂವತ್ತು ವರ್ಷಗಳಿಂದ ನನ್ನ ಗೆಳೆಯ. ನಮಗೆ ಕಲಿಸಲು ಹೈದರಾಬಾದಿನಿಂದ ಒಬ್ಬ ಎಂಜಿನಿಯರ್ ಬಂದು ಸ್ಟೇಶನ್ ಬಜಾರದ ಲಾಡ್ಜಿನಲ್ಲಿ ಇಳಿದುಕೊಂಡ. ಕರೆಂಟ್ ಇದ್ದಾಗ ಕಲಿಸಿದ, ಇಲ್ಲದಾಗ ಮಲಗಿದ. ಅವನು ಹೇಳಿಕೊಟ್ಟಿದ್ದು ಕಷ್ಟದ್ದೇನಲ್ಲ. ನೀವು ಹೊಡೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಹೇಳಿ ಕೆಲಸ ಮಾಡಿಸುವ ಮಧ್ಯಸ್ಥನೇ ಶೆಲ್. ಡಾಲರ್ ಗುರುತು ಕಾಣಿಸಿದರೆ ಅದು ನಿಮ್ಮ ಮಾತಿಗೆ ಕಾಯುತ್ತಿದೆ ಎಂದರ್ಥ. ಎಲ್‌ಎಸ್ ಹೊಡೆದರೆ ಯಾವ ಯಾವ ಕಡತ ಇವೆ ಎಂದು ತೋರಿಸುತ್ತದೆ. ಸಿಡಿ ಅಂದರೆ ಕಡತಗಳ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದು. ಸಿಪಿ ಅಂದರೆ ನಕಲು. ಆರ್‌ಎಂ ಅಂದರೆ ಅಳಿಸುವುದು. ಎಲ್ಲವನ್ನೂ ಕಲಿಸಿ, ಸೂಪರ್ ಮಾರ್ಕೆಟ್ಟಿನಲ್ಲಿ ಮಗಳಿಗೆ ಒಂದು ಫ್ರಾಕ್ ಕೊಂಡುಕೊಂಡು ಹೋದ. ಹೂಂ ಅನ್ನುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಮರುದಿನ ಖಾದರ್ ಒಂದು ಕಡತ ನಕಲು ಮಾಡಲು ಕೂತ. ಸಿಪಿ ಹೊಡೆದ, ಎಂಟರ್ ಒತ್ತಿದ. ಡಾಲರ್ ಬಂತು. ಬೇರೇನೂ ಇಲ್ಲ.

"ಏನೂ ಅನ್ನಲಿಲ್ಲಲ್ಲೋ" ಅಂದ.

ಮತ್ತೆ ಹೊಡೆದ. ಡಾಲರ್. "ಅರೇ, ಸುನ್ತಾ ನಹೀಂ ಕ್ಯಾ ರೇ?" ಎಂದು ಪರದೆಯ ಹತ್ತಿರ ಬಾಯಿ ಒಯ್ದ. ಊಟದ ಹೊತ್ತಿನವರೆಗೂ ಅದೇ ಕಡತವನ್ನು ಅದೇ ಹೆಸರಿಗೆ ನಕಲು ಮಾಡುತ್ತಲೇ ಇದ್ದ. ಯಂತ್ರವೂ ಬೇಸರವಿಲ್ಲದೆ ಮಾಡಿತು. ಸಂಜೆ ಎಲ್‌ಎಸ್ ಹೊಡೆದು ನೋಡಿದಾಗ ನಕಲು ಮುಂಜಾನೆಯಿಂದಲೂ ಅಲ್ಲೇ ಇತ್ತು.

ಅವನದು ತಪ್ಪಲ್ಲ. ನಮ್ಮ ಕಡೆ ಯಾರಿಗಾದರೂ ಒಂದು ಕೆಲಸ ಹೇಳಿದರೆ ಮೊದಲು "ಹೂಂ ರೀ" ಅನ್ನುತ್ತಾರೆ, ಆಮೇಲೆ ಚಹಾಕ್ಕೆ ಹೋಗುತ್ತಾರೆ. ಹೂಂ ಅಂದರು ಎಂಬ ಸಮಾಧಾನದ ಮೇಲೆ ಇಡೀ ಕಚೇರಿ ನಡೆಯುತ್ತಿತ್ತು. ಕೆಲಸ ಮಾಡಿ ಮುಗಿಸಿ ಬಾಯಿ ಬಿಡದೆ ಕೂರುವವರನ್ನು ನಾವು ಸರಕಾರಿ ನೌಕರಿಯಲ್ಲಿ ನೋಡಿರಲಿಲ್ಲ. ಯುನಿಕ್ಸಿನಲ್ಲಿ ತಪ್ಪಾದರೆ ಮಾತ್ರ ಮಾತು, ಸರಿಯಾದರೆ ಮೌನ. ಇದು ಮೈಗೆ ಹತ್ತಲು ನಮಗೆ ಬಹಳ ದಿನ ಬೇಕಾಯಿತು.

ದೇಶಮುಖ ಸಾಹೇಬರ ತೊಂದರೆ ಬೇರೆ. ಅವರು ಒಳ್ಳೆಯವರು, ಆದರೆ ಟಿಪ್ಪಣಿ ಇಲ್ಲದೆ ನೀರು ಕುಡಿಯುವವರಲ್ಲ. ಯಂತ್ರಕ್ಕೆ ಕೊಡುವ ಪ್ರತಿ ಆದೇಶವೂ ಆದೇಶವೇ ಆದ್ದರಿಂದ ಮೊದಲು ಟಿಪ್ಪಣಿ ಹಾಳೆಯಲ್ಲಿ ಮಂಡಿಸಿ ಅನುಮೋದನೆ ಪಡೆಯಬೇಕು ಎಂದರು. "ಯಾವ ಕಡತಗಳಿವೆ ಎಂದು ನೋಡುವ ಸಲುವಾಗಿ ಎಲ್‌ಎಸ್ ಕೊಡಲು ಅನುಮತಿ ಕೋರಿ" ಎಂದು ನಾನು ಸ್ವತಃ ಬರೆದಿದ್ದೇನೆ. "ಚರ್ಚಿಸಿ" ಎಂದು ಬರೆದು ವಾಪಸು ಕಳಿಸಿದರು. ಚರ್ಚಿಸಿದೆವು.

ಒಮ್ಮೆ ಯಂತ್ರದ ಹೊಟ್ಟೆ ತುಂಬಿತು. ಹಿಂದಿನ ವರ್ಷದ ಕಡತಗಳೆಲ್ಲ 'ಹಳೆ' ಎಂಬ ಅಕ್ಷರಗಳಿಂದ ಶುರುವಾಗುತ್ತಿದ್ದವು. ಅವನ್ನು ಅಳಿಸಲು ಆರ್‌ಎಂ, ಹಳೆ, ಅದಕ್ಕೆ ಅಂಟಿಕೊಂಡು ಒಂದು ನಕ್ಷತ್ರ. ನಕ್ಷತ್ರ ಅಂದರೆ 'ಮುಂದೆ ಏನೇ ಇರಲಿ' ಎಂದರ್ಥ. ಹಾಗೇ ಬರೆದು ಮಂಡಿಸಿದೆ. ಸಾಹೇಬರು ಚೊಕ್ಕ ಬರವಣಿಗೆಯವರು. ಪದಕ್ಕೂ ಗುರುತಿಗೂ ನಡುವೆ ಜಾಗ ಬಿಡಬೇಕು ಎಂದು ಹಸಿರು ಮಸಿಯಲ್ಲಿ ತಿದ್ದಿ ಸಹಿ ಹಾಕಿದರು. ನಾನು ಅಂದು ರಜೆಯ ಮೇಲಿದ್ದೆ. ಅನುಮೋದನೆಯಾದ ಆದೇಶವನ್ನು ಬದಲಿಸುವ ಅಧಿಕಾರ ಖಾದರನಿಗೆ ಇರಲಿಲ್ಲ. ಜಾಗ ಬಿಟ್ಟು ಹೊಡೆದ.

ಜಾಗ ಬಿಟ್ಟರೆ ಅರ್ಥ ಎರಡಾಗುತ್ತದೆ. 'ಹಳೆ' ಎಂಬ ಕಡತ ಅಳಿಸು, ಆಮೇಲೆ ಎಲ್ಲವನ್ನೂ ಅಳಿಸು. ಯಂತ್ರ ಸ್ವಲ್ಪ ಹೊತ್ತು ಗುರುಗುಟ್ಟಿ ಒಂದೇ ಒಂದು ಮಾತು ಹೇಳಿತಂತೆ, ಹಳೆ ಎಂಬ ಹೆಸರಿನ ಕಡತ ಇಲ್ಲ ಎಂದು. ಉಳಿದವೂ ಈಗ ಇಲ್ಲ ಎಂಬುದನ್ನು ಅದು ಹೇಳಲಿಲ್ಲ, ಯಾಕೆಂದರೆ ಆ ಕೆಲಸ ಸರಿಯಾಗಿ ಆಗಿತ್ತು.

ಸಾಹೇಬರು ಓಡಿಬಂದು, "ಕಸದ ಬುಟ್ಟಿ ಎಲ್ಲದ? ಬುಟ್ಟಿಯಾಗ ಹುಡುಕ್ರೋ" ಅಂದರು. ಬುಟ್ಟಿ ಇರಲಿಲ್ಲ. ಸಮಿತಿ ಇಲ್ಲದೆ, ಪಂಚನಾಮೆ ಇಲ್ಲದೆ ಸರಕಾರಿ ಕಡತ ನಾಶವಾಗಬಲ್ಲದು ಎಂಬುದನ್ನು ಅವರು ಅಂದೇ ಮೊದಲು ತಿಳಿದದ್ದು. ಕುರ್ಚಿಯ ಮೇಲೆ ಕೂತು ನೀರು ಕುಡಿದರು. ಪುಣ್ಯಕ್ಕೆ ಟೇಪಿನಲ್ಲಿ ನಕಲಿತ್ತು, ಎರಡು ದಿನ ಕೂತು ಎಲ್ಲ ಇಳಿಸಿಕೊಂಡೆವು. ಅಲ್ಲಿಗೆ ಟಿಪ್ಪಣಿಯ ಪದ್ಧತಿ ನಿಂತಿತು. ನೀವು ಈಗ ಎಲ್‌ಎಸ್ ಅನ್ನು ಯಾರನ್ನೂ ಕೇಳದೆ ಹೊಡೆಯುತ್ತಿದ್ದೀರಲ್ಲ, ಆ ಸ್ವಾತಂತ್ರ್ಯ ಹೀಗೆ ಬಂದದ್ದು. ನಕ್ಷತ್ರ ಹೊಡೆಯುವ ಮುಂಚೆ ಮಾತ್ರ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಪರದೆ ಓದಿ. ನಾನು ಈಗಲೂ ಹಾಗೇ ಮಾಡುತ್ತೇನೆ, ಮನೆಯಲ್ಲಿ ಯಂತ್ರವೇ ಇಲ್ಲದಿದ್ದರೂ.

ತೊಂಬತ್ತರ ದಶಕದ ಮೊದಲಲ್ಲಿ ಉಪಕಚೇರಿಗಳಿಗೂ ಟರ್ಮಿನಲ್ ಕೊಟ್ಟರು. ಟರ್ಮಿನಲ್ ಅಂದರೆ ಒಂದು ಪರದೆ, ಒಂದು ಕೀಲಿಮಣೆ. ಬುದ್ಧಿ ಎಲ್ಲ ಕಲಬುರಗಿಯ ಯಂತ್ರದಲ್ಲಿ, ನಡುವೆ ಟೆಲಿಫೋನ್ ತಂತಿ. ಹುಮನಾಬಾದ್ ರಸ್ತೆಯ ಕಮಲಾಪುರಕ್ಕೂ ಒಂದು ಹೋಯಿತು. ಹಿಂದೆಯೇ ಮುಖ್ಯ ಕಚೇರಿಯಿಂದ ಒಂದು ಸುತ್ತೋಲೆ: ಟೈಪಿಸ್ಟರೆಲ್ಲ ಯುನಿಕ್ಸ್ ಪರೀಕ್ಷೆ ಪಾಸಾಗಬೇಕು. ಪಾಸಾಗದವರನ್ನು ಕಂಪ್ಯೂಟರ್ ಇಲ್ಲದ ಜಾಗಕ್ಕೆ ವರ್ಗ ಮಾಡಲಾಗುವುದು. ಅಷ್ಟು ಹೊತ್ತಿಗೆ ಕಂಪ್ಯೂಟರ್ ಇಲ್ಲದೆ ಉಳಿದಿದ್ದು ರಾಯಚೂರು ಕಡೆ, ದೇವದುರ್ಗದ ಆಚೆಗಿನ ಒಂದು ಗೋದಾಮು ಮಾತ್ರ.

ಕಮಲಾಪುರದ ಟೈಪಿಸ್ಟ್ ಮಹಾನಂದಾಬಾಯಿ. ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಕಚೇರಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಮನೆಯಲ್ಲಿ ಅವರು ಮತ್ತು ಅವರ ಅಕ್ಕ ಚಂದ್ರಮ್ಮ, ಇಬ್ಬರೇ. ಚಂದ್ರಮ್ಮನಿಗೆ ಹರೆಯದಲ್ಲೇ ಏನೋ ಆಗಿ ಮಾತು ನಿಂತಿತ್ತು. ಹೊಸಿಲು ದಾಟಿಸಿದರೆ ಚೀರುತ್ತಿದ್ದರು. ತಂಗಿ ಕಲಸಿ ಬಾಯಿಗಿಟ್ಟರೆ ಉಣ್ಣುತ್ತಿದ್ದರು, ಬೇರೆ ಯಾರು ಕೊಟ್ಟರೂ ಬಾಯಿ ಬಿಗಿಹಿಡಿದು ಕೂರುತ್ತಿದ್ದರು. ಒಂದು ಸಲ ಮಹಾನಂದಾಬಾಯಿ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗ ಇಡೀ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ತಟ್ಟೆ ಹಿಡಿದು ಸೋತರಂತೆ. ತಂಗಿ ಬರುವಷ್ಟರಲ್ಲಿ ಚಂದ್ರಮ್ಮ ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. ಅಕ್ಕನ ಸಲುವಾಗಿ ಮಹಾನಂದಾಬಾಯಿ ಮದುವೆಯಾಗಲಿಲ್ಲ ಎಂದು ಊರವರು ಹೇಳುತ್ತಿದ್ದರು. ಅವರನ್ನೇ ಕೇಳಿದರೆ, "ಹಂಗೇನಿಲ್ರಿ, ಬಂದ ಗಂಡುಗಳ ಮಾರಿ ನೋಡಿದ್ರ ನೀವೂ ಆಗ್ತಿದ್ದಿಲ್ಲ" ಅನ್ನುತ್ತಿದ್ದರು.

ಇಂಥವರಿಗೆ ದೇವದುರ್ಗ ಅಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರೂ ಬಿಡಿಸಿ ಹೇಳಲಿಲ್ಲ. "ಶರಣಪ್ಪನವ್ರ, ನನಗ ಇದೊಂದು ಕಲಿಸಿ ಕೊಡ್ರಿ. ನಾ ದಡ್ಡಿ ಅದೀನಿ, ಬೈಕೋತ ಕಲಿಸ್ರಿ, ನಡೀತದ" ಅಂದರು.

ವಾರಕ್ಕೊಮ್ಮೆ ಹುಮನಾಬಾದಿನ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗತೊಡಗಿದೆ. ಮೊದಲ ದಿನ ಡಾಲರ್ ಗುರುತು ತೋರಿಸಿ, "ಹೊಡೀರಿ ಬಾಯಾರ" ಅಂದೆ. ಅವರು ಕೈ ತೊಳೆದುಕೊಂಡು ಬಂದಿದ್ದರು. ಸೆರಗಿಗೆ ಒರೆಸಿ, ಎಸ್, ಎಚ್, ಆರ್, ಐ ಎಂದು ನಾಲ್ಕು ಅಕ್ಷರ ಹೊಡೆದು ಎಂಟರ್ ಒತ್ತಿದರು. ಯಂತ್ರ 'ಶ್ರೀ: ನಾಟ್ ಫೌಂಡ್' ಅಂದಿತು.

ಮಹಾನಂದಾಬಾಯಿ ನನ್ನ ಮುಖ ನೋಡಿದರು. "ಏನಂತದ್ರಿ ಇದು?"

"ಶ್ರೀ ಸಿಗಲಿಲ್ಲ ಅಂತದ್ರಿ."

"ಅಯ್ಯ ಶಿವನೆ! ಎಲ್ಲೆಲ್ಲಿ ಹುಡುಕಿ ಬಂತ್ರಿ ಇಷ್ಟು ಲಗೂ?"

ಹಾಳೆ ಯಾವುದೇ ಇರಲಿ, ಮೇಲೆ ನಡುವಿನಲ್ಲಿ ಒಂದು ಶ್ರೀ ಬರೆದು ಕೆಲಸ ಶುರುಮಾಡುವುದು ಅವರ ರೂಢಿ. ಅವರದೊಬ್ಬರದೇ ಅಲ್ಲ, ನಮ್ಮ ಕಡೆ ಕಿರಾಣಿ ಚೀಟಿಗೂ ಮೇಲೊಂದು ಶ್ರೀ ಇರುತ್ತದೆ. ಮಹಾನಂದಾಬಾಯಿಯವರು ಸರಕಾರಿ ಪತ್ರದ ತಲೆಯ ಮೇಲೂ ಅದನ್ನು ಹೊಡೆಯುತ್ತಿದ್ದರು, ದೇಶಮುಖ ಸಾಹೇಬರು ಅಂಥ ಎಷ್ಟೋ ಪತ್ರಕ್ಕೆ ಸಹಿ ಹಾಕಿದ್ದರು. ಯಂತ್ರದ ಕಣ್ಣಿಗೆ ಮಾತ್ರ ಅದು ತನಗೆ ಗೊತ್ತಿಲ್ಲದ ಒಂದು ಆದೇಶ. ಇದನ್ನು ವಿವರಿಸಿದೆ. "ಹೌದ್ರೀ?" ಅಂದರು. ಮುಂದಿನ ವಾರ ಹೋದಾಗಲೂ ಶ್ರೀ ಹೊಡೆದೇ ಶುರುಮಾಡಿದರು.

ಉಳಿದದ್ದರಲ್ಲಿ ಅವರು ಜಾಣೆ. ಖಾದರನನ್ನು ಹಗಲೆಲ್ಲ ಕಾಡಿದ ಮೌನ ಅವರಿಗೆ ತೊಂದರೆಯೇ ಆಗಲಿಲ್ಲ. ಸಿಪಿ ಹೊಡೆದು ಡಾಲರ್ ಬಂದ ಕೂಡಲೆ, "ಆಯ್ತಲ್ರಿ, ಮುಂದ?" ಅಂದರು.

"ಆಯ್ತಂತ ಹ್ಯಾಂಗ ಗೊತ್ತಾತ್ರಿ ನಿಮಗ?"

"ಆಗದಿದ್ರ ಒದರ್ತಿತ್ತಲ್ರಿ. ನಮ್ಮಕ್ಕನ ಹಂಗ. ಹೊಟ್ಟಿ ತುಂಬಿತಂದ್ರ ಗಪ್ ಕೂಡ್ತಾಳ, ಏನರೆ ಬ್ಯಾನಿ ಇತ್ತಂದ್ರ ಚೀರ್ತಾಳ. ನನಗ ಇದು ದಿನಾ ರೂಢಿ ಐತ್ರಿ."

ನಾವು ತಿಂಗಳುಗಟ್ಟಲೆ ಕಲಿತದ್ದು ಅಲ್ಲಿಗೆ ಮುಗಿಯಿತು. ಆದರೆ ಪರೀಕ್ಷೆಯ ನಿಯಮ ಬಂದಾಗ ಅದನ್ನು ಎರಡು ಸಲ ಓದಿದೆ. ಬರುವ ಪರೀಕ್ಷಕರು ತೀರ್ಪು ಕೊಡುವುದು ಹೇಗೆ? ಪರದೆಯ ಮೇಲೆ ಯಂತ್ರ ಎಷ್ಟು ಸಲ ತಪ್ಪು ಅಂದಿತು ಎಂದು ನೋಡಿ. ಮೂರು ಸಲ ಅಂದರೆ ನಪಾಸು. ಮಹಾನಂದಾಬಾಯಿಗೆ ಯಾರಾದರೂ ಹಿಂದೆ ನಿಂತರೆ ಒಂದೆರಡು ತಪ್ಪಾಗುತ್ತಿದ್ದವು. ಶ್ರೀ ಸೇರಿದರೆ ಮೂರು.

"ಬಾಯಾರ, ಆ ಒಂದು ದಿನ ಶ್ರೀ ಬಿಡ್ರಿ" ಅಂದೆ. "ಮನಸಿನ್ಯಾಗ ಅನ್ಕೋರಿ, ಹೊಡೀಬ್ಯಾಡ್ರಿ."

"ಆಗಂಗಿಲ್ರಿ."

"ದೇವರು ಸಿಟ್ಟಾಗಂಗಿಲ್ರಿ."

"ದೇವರ ಮಾತು ಯಾರು ಆಡ್ಯಾರ್ರಿ?" ಅಂದರು, ಸ್ವಲ್ಪ ಸಿಟ್ಟಿನಿಂದಲೇ. "ಶ್ರೀ ಇಲ್ದ ಕಾಗದ ಯಾವುದ್ರಿ? ಸತ್ತವರ ಸುದ್ದಿ ಕಾಗದ. ಅದೊಂದಕ್ಕ ಶ್ರೀ ಹಾಕಂಗಿಲ್ಲ. ನಮ್ಮ ಅಪ್ಪ ಹೋದಾಗ ನಾನೇ ಬರದೀನಿ ಆ ಕಾಗದ, ಶ್ರೀ ಇಲ್ದ. ಮನ್ಯಾಗ ಅಕ್ಕ ಉಸಿರಾಡಕೋತ ಕುಂತಾಳ. ಆಕಿ ಸಲುವಾಗೇ ಈ ಪರೀಕ್ಷಾ ಬರೀಲಾಕತ್ತೀನಿ. ಶ್ರೀ ಬಿಟ್ಟು ಹ್ಯಾಂಗ ಬರೀಲಿ, ಹೇಳ್ರಿ ನೀವೇ."

ಬಸ್ಸಿನಲ್ಲಿ ಕಲಬುರಗಿಯವರೆಗೂ ಅದನ್ನೇ ಯೋಚಿಸಿದೆ. ಅವರನ್ನು ಬದಲಿಸಲು ಆಗುವುದಿಲ್ಲ. ಯಂತ್ರವನ್ನು ಬದಲಿಸಬಹುದಲ್ಲ? ಮರುದಿನ ಕಂಪ್ಯೂಟರ್ ಕೋಣೆಯಲ್ಲಿ ಕೂತು, ಆದೇಶಗಳೆಲ್ಲ ಇರುವ ಜಾಗಕ್ಕೆ ಹೋಗಿ, ಎಲ್‌ಎಸ್, ಸಿಪಿ, ಆರ್‌ಎಂ ಇವುಗಳ ಪಕ್ಕದಲ್ಲಿ ಶ್ರೀ ಎಂಬ ಒಂದು ಕಡತ ಮಾಡಿ ಇಟ್ಟೆ. ಒಳಗೆ ಏನೂ ಬರೆಯಲಿಲ್ಲ. ಅದನ್ನು ಆದೇಶದಂತೆ ನಡೆಸಬಹುದು ಎಂದು ಯಂತ್ರಕ್ಕೆ ಅಪ್ಪಣೆ ಮಾತ್ರ ಕೊಟ್ಟೆ. ಈಗ ಶ್ರೀ ಹೊಡೆದರೆ ಶೆಲ್ ಹೋಗಿ ಆ ಕಡತ ತೆರೆದು ನೋಡುತ್ತದೆ, ಒಳಗೆ ಮಾಡಲು ಕೆಲಸವಿಲ್ಲ, ಸುಮ್ಮನೆ ವಾಪಸು ಬಂದು ಡಾಲರ್ ತೋರಿಸುತ್ತದೆ. ತಪ್ಪೂ ಇಲ್ಲ, ಮಾತೂ ಇಲ್ಲ.

ಖಾದರ್ ನೋಡಿ, "ಏನ್ ಮಾಡ್ತದೋ ಇದು?" ಅಂದ.

"ಏನೂ ಮಾಡಂಗಿಲ್ಲ."

"ಮತ್ತ ನೌಕರಿಗಿ ಯಾಕ ತಗೊಂಡಿ?" ಅಂದ.

ಪರೀಕ್ಷಕರು ಮುಖ್ಯ ಕಚೇರಿಯಿಂದ ಬಂದರು. ಬೇಸಿಗೆ. ಕಮಲಾಪುರದ ಕೋಣೆಯಲ್ಲಿ ಫ್ಯಾನ್ ಇತ್ತು, ತಿರುಗುತ್ತಿರಲಿಲ್ಲ. ಅವರ ಮುಂದೆ ಊರಿನ ಕೆಂಪು ಬಾಳೆಹಣ್ಣು ಇಟ್ಟಿದ್ದೆವು. ಅವರು ಅವನ್ನು ಮುಟ್ಟಿ ನೋಡಿ, ಬಣ್ಣ ಹಚ್ಚಿದ್ದಲ್ಲ ಎಂದು ಖಾತ್ರಿ ಮಾಡಿಕೊಂಡು ತಿಂದರು. ಆಮೇಲೆ ಮಹಾನಂದಾಬಾಯಿಯವರ ಹಿಂದೆ ನಿಂತರು. ಬಾಯಾರು ಕೈ ಒರೆಸಿಕೊಂಡು ಶ್ರೀ ಹೊಡೆದು ಎಂಟರ್ ಒತ್ತಿದರು. ಡಾಲರ್ ಬಂತು.

"ಇದ್ಯಾವುದಮ್ಮಾ ಕಮಾಂಡು?" ಅಂದರು ಪರೀಕ್ಷಕರು.

"ಶುರು ಮಾಡೂ ಮುಂಚೆ ಹೊಡೀತೀವ್ರಿ."

"ಏನು ಮಾಡತ್ತೆ ಅದು?"

ಅವರು ಸುಳ್ಳು ಹೇಳುವವರಲ್ಲ. "ನನಗ ಧೈರ್ಯ ಬರ್ತದ್ರಿ" ಅಂದರು.

ಪರೀಕ್ಷಕರು ಪರದೆ ನೋಡಿದರು. ಅಲ್ಲಿ ತಪ್ಪು ಇರಲಿಲ್ಲ. ಏನನ್ನೋ ಗುರುತು ಹಾಕಿಕೊಂಡು, "ಹ್ಞಾಂ, ಮುಂದುವರಿಸಿ" ಅಂದರು.

ನಾನು ಬಾಗಿಲ ಬಳಿ ನಿಂತಿದ್ದೆ. ಮೊದಲ ತಪ್ಪು ಬೇಗನೆ ಬಂತು, ಎಲ್‌ಎಸ್ ಬದಲು ಎಸ್‌ಎಲ್ ಹೊಡೆದರು. ಎರಡನೆಯದು ಸ್ವಲ್ಪ ಹೊತ್ತಿಗೆ. ಆಮೇಲೆ ಅವರ ಕೈ ನಿಂತಿತು. ಮಧ್ಯಾಹ್ನವಾಗುತ್ತ ಬಂದಿತ್ತು, ಅಕ್ಕನ ಊಟದ ಹೊತ್ತು. ಕಿಟಕಿಯ ಕಡೆ ಒಮ್ಮೆ ನೋಡಿದರು. ಉಳಿದದ್ದನ್ನು ಒಂದೊಂದೇ ಅಕ್ಷರ, ಒಂದೇ ಬೆರಳಿನಲ್ಲಿ, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಹೊಡೆದರು. ಯಂತ್ರ ಕೊನೆಯವರೆಗೂ ತುಟಿ ಬಿಚ್ಚಲಿಲ್ಲ. ಪರೀಕ್ಷಕರು ಪಾಸು ಎಂದರು. "ನಾ ಹ್ವಾದ್ರ ನಡೀತದಲ್ರಿ?" ಎಂದು ಕೇಳಿ ಮಹಾನಂದಾಬಾಯಿ ಓಣಿಯ ಕಡೆ ಓಡಿಯೇಬಿಟ್ಟರು. ನನಗೆ ಅಳು ಬಂತು. ಆ ಸೆಕೆಯಲ್ಲಿ ಎಲ್ಲರ ಮುಖವೂ ಒದ್ದೆಯಾಗಿದ್ದರಿಂದ ಯಾರೂ ಗಮನಿಸಲಿಲ್ಲ.

ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಪರೀಕ್ಷಕರು ಗುರುತು ಹಾಕಿಕೊಂಡಿದ್ದರು. ಮರುವರ್ಷ ಮುಖ್ಯ ಕಚೇರಿಯಿಂದ ಎಲ್ಲ ಜಿಲ್ಲೆಗಳಿಗೂ ಒಂದು ತರಬೇತಿ ಕೈಪಿಡಿ ಬಂತು. ಅದರಲ್ಲಿ, ಕೆಲಸ ಆರಂಭಿಸುವ ಮುನ್ನ ಕಡ್ಡಾಯವಾಗಿ ಶ್ರೀ ಆದೇಶವನ್ನು ಕೊಡತಕ್ಕದ್ದು, ಇದರಿಂದ ನಿರ್ವಾಹಕರಿಗೆ ಧೈರ್ಯ ಬರುತ್ತದೆ ಎಂದು ಅಚ್ಚಾಗಿತ್ತು. ನಮ್ಮ ಯಂತ್ರದಲ್ಲಿ ಮಾತ್ರ ಇದ್ದ ಕಡತ ಅದು. ಒಂದು ವಾರದಲ್ಲಿ ಬೇರೆ ಬೇರೆ ಜಿಲ್ಲೆಗಳಿಂದ ಫೋನು ಶುರುವಾದವು. "ಸಾರ್, ನಮ್ಮಲ್ಲಿ ಶ್ರೀ ಸಿಗ್ತಿಲ್ಲ, ಸಾಹೇಬ್ರು ಗಲಾಟೆ ಮಾಡ್ತಿದಾರೆ."

ಖಾಲಿ ಕಡತವನ್ನು ಅವರೇ ಮಾಡಿಕೊಳ್ಳಬಹುದು ಎಂದೆ. ಕೇಳಲಿಲ್ಲ, ಅಧಿಕೃತ ಪ್ರತಿಯೇ ಬೇಕೆಂದರು. ಒಳಗೆ ಏನೂ ಇಲ್ಲದ ಕಡತವನ್ನು ಫ್ಲಾಪಿಗಳಿಗೆ ಹಾಕಿ, ಮೊಹರು ಮಾಡಿ, ನೋಂದಾಯಿತ ಅಂಚೆಯಲ್ಲಿ ಕಳಿಸಿದೆವು. ಒಂದು ಕಡೆಯವರು ಫ್ಲಾಪಿ ಖಾಲಿ ಬಂದಿದೆ ಎಂದು ದೂರಿ ವಾಪಸು ಕಳಿಸಿದರು. ಅದೇ ಫ್ಲಾಪಿಗೆ ಹೊಸ ಮೊಹರು ಹಾಕಿ ಮತ್ತೆ ಕಳಿಸಿದೆ. ಈ ಸಲ ಸರಿ ಬಂದಿದೆ ಎಂದು ಉತ್ತರ ಬರೆದರು.

ಶ್ರೀ ಒಳಗೆ ನಾನು ಏನಾದರೂ ಬರೆದದ್ದು ಆಮೇಲೆ, ಅದೂ ಕಲಬುರಗಿಯ ನಮ್ಮ ಯಂತ್ರದಲ್ಲಿ ಮಾತ್ರ. ಕಮಲಾಪುರದ ತಂತಿ ಆಗಾಗ ಕಡಿಯುತ್ತಿತ್ತು. ಸಾಹೇಬರು ಬೆಳಿಗ್ಗೆ ಬಂದು ಕೂರುವ ಮೊದಲೇ "ಕಮಲಾಪುರ ಬಂತೇನೋ?" ಎಂದು ಕೂಗುತ್ತಿದ್ದರು. ಪ್ರತಿ ಸಲ ಎದ್ದು ನೋಡುವುದು ಬೇಸರವಾಗಿ ಒಂದು ಉಪಾಯ ಮಾಡಿದೆ. ಮಹಾನಂದಾಬಾಯಿ ಹೇಗಿದ್ದರೂ ಬಂದ ಕೂಡಲೆ ಶ್ರೀ ಹೊಡೆಯುತ್ತಾರೆ. ಅವರು ಅಲ್ಲಿ ಹೊಡೆದಾಗ, ಇಲ್ಲವೇ ನಾನೇ ಹೊಡೆದು ನೋಡಿದಾಗ ಮಾತ್ರ, ಇಲ್ಲಿ ನನ್ನ ಟರ್ಮಿನಲ್‌ನಲ್ಲಿ ಗಂಟೆ ಬಾರಿಸುವಂತೆ ಒಂದು ಸಾಲು ಬರೆದೆ. ಅವರಿಗೂ ಹೇಳಿದೆ. "ಅಲ್ಲಿ ಟಣ್ ಅಂತದೇನ್ರಿ? ಬೇಶ್ ಆಯ್ತು ಬಿಡ್ರಿ" ಎಂದು ನಕ್ಕರು.

ಅಂದಿನಿಂದ ಕೆಲಸದ ದಿನಗಳಲ್ಲೆಲ್ಲ ಬೆಳಿಗ್ಗೆ ನನ್ನ ಟರ್ಮಿನಲ್ ಟಣ್ ಅನ್ನುತ್ತಿತ್ತು. ಖಾದರ್ ಅದನ್ನು ಕೇಳಿಯೇ ಚಹಾಕ್ಕೆ ಹೇಳುತ್ತಿದ್ದ. ಒಳಗಿಂದ ಸಾಹೇಬರು, "ಕಮಲಾಪುರ ಬಂತೇನೋ?" ಅನ್ನುವರು, ನಾನು "ಹೂಂ ರೀ" ಅನ್ನುವೆ. ಹೀಗೇ ವರ್ಷಗಳು ಹೋದವು. ಹೊಸ ಟರ್ಮಿನಲ್ ಬಂದವು, ಯಂತ್ರವೂ ಒಮ್ಮೆ ಬದಲಾಯಿತು. ಹೊಸದಕ್ಕೆ ನಾನು ಮೊದಲು ಸಾಗಿಸಿದ ಕಡತ ಶ್ರೀ. ತೊಂಬತ್ತರ ದಶಕ ಮುಗಿಯುತ್ತ ಬಂತು, ಸಾಹೇಬರ ನಿವೃತ್ತಿ ಹತ್ತಿರವಾಯಿತು.

ಒಂದು ಸೋಮವಾರ ಟಣ್ ಅನ್ನಲಿಲ್ಲ.

ತಂತಿ ಕಡಿದಿರಬೇಕು ಎಂದುಕೊಂಡು ಯಾರು ಯಾರು ಬಂದಿದ್ದಾರೆ ಎಂದು ತೋರಿಸುವ ಆದೇಶ ಹೊಡೆದೆ. ಕಮಲಾಪುರ ಬಂದಿತ್ತು. ಆಗಲೇ ಅರ್ಧ ಗಂಟೆಯಾಗಿತ್ತು. ತೊಗರಿ ಬೀಜದ ದಾಸ್ತಾನಿನ ಲೆಕ್ಕ ಸಾಲು ಸಾಲಾಗಿ ಬರುತ್ತಿತ್ತು, ಒಂದೂ ತಪ್ಪಿಲ್ಲದೆ.

"ಘಂಟಿ ಕೆಟ್ಟಿರಬೇಕು ತಗೋ" ಅಂದ ಖಾದರ್.

ನಾನೇ ಶ್ರೀ ಹೊಡೆದು ನೋಡಿದೆ. ಟಣ್ ಅಂದಿತು. ಯಾವುದೂ ಕೆಟ್ಟಿರಲಿಲ್ಲ. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಪರದೆ ನೋಡುತ್ತ ಕೂತೆ. ಖಾದರನಿಗೂ ಹೊಳೆಯಿತು ಅಂತ ಕಾಣುತ್ತದೆ, ಚಹಾಕ್ಕೆ ಹೇಳಲಿಲ್ಲ.

ಸಾಹೇಬರ ಕೋಣೆಗೆ ಹೋಗಿ, ಕಮಲಾಪುರಕ್ಕೆ ಹೋಗಿ ಬರುತ್ತೇನೆ ಅಂದೆ.

"ಯಾಕೋ? ಲೈನ್ ಬಂದಿಲ್ಲೇನು?"

"ಬಂದದ್ರಿ. ಬಾಯಾರು ಶ್ರೀ ಹೊಡದಿಲ್ರಿ."

ದೇಶಮುಖ ಸಾಹೇಬರು ಮಹಾನಂದಾಬಾಯಿಯವರ ಪತ್ರಗಳಿಗೆ ಇಪ್ಪತ್ತು ವರ್ಷ ಸಹಿ ಹಾಕಿದವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಜೀಪ್ ತಗೊಂಡು ಹೋಗು" ಅಂದರು. ಆ ಜೀಪನ್ನು ಅವರು ಯಾರಿಗೂ ಕೊಟ್ಟದ್ದನ್ನು ನಾನು ನೋಡಿರಲಿಲ್ಲ. ಟಿಪ್ಪಣಿಯನ್ನೂ ಕೇಳಲಿಲ್ಲ.

ಹೋದಾಗ ಮಹಾನಂದಾಬಾಯಿ ಟರ್ಮಿನಲ್ ಮುಂದೆ ಕೂತು ಹೊಡೆಯುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಿದರು. ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ.

"ನಿನ್ನಿ ಮುಂಜಾನಿ ಹೋದಳ್ರಿ," ಅಂದರು. "ಒಂದ್ ತುತ್ತು ಉಂಡ್ಳು. ಎರಡನೇದಕ್ಕ ಬಾಯಿ ತಗೀಲಿಲ್ಲ. ಹೊಟ್ಟಿ ತುಂಬಿರಬೇಕು ಅಂತ ನಾ ಗಪ್ ಕುಂತೆ. ಒದರಲಿಲ್ಲಲ್ರಿ ಆಕಿ."

ಏನೋ ಒಂದು ಹೇಳಬೇಕಲ್ಲ ಎಂದು, "ಒಂದು ಮಾತು ಹೇಳಿ ಕಳಸಬಾರದೇನ್ರಿ ಬಾಯಾರ?" ಅಂದೆ.

"ಹೇಳಿನಲ್ರಿ" ಅಂದರು. "ನೀವು ಬಂದ್ರಲ್ಲ."

ಪರದೆಯ ಮೇಲೆ ಡಾಲರ್ ಮಿಣುಕುತ್ತಿತ್ತು. ರಜೆ ಹಾಕಿ ಮನೆಯಲ್ಲಿ ಇರಬಾರದಿತ್ತೆ ಎಂದು ಕೇಳಿದೆ. "ಮನ್ಯಾಗ ಕುಂತ್ರ ಊಟದ ಹೊತ್ತಿಗಿ ಕೈ ತನ್ನಷ್ಟಕ್ಕ ತಾನೇ ಕಲಸ್ತದ್ರಿ" ಅಂದರು. "ಇಲ್ಲಿ ಕೈಗಿ ಕೆಲಸ ಅದ."

ಮಧ್ಯಾಹ್ನ ಅವರು ರೂಢಿಯಂತೆ ಎದ್ದರು. ಬಾಗಿಲವರೆಗೆ ಹೋಗಿ ನಿಂತು, ತಿರುಗಿ ಬಂದು ಕೂತರು. ಜೀಪಿನ ಡ್ರೈವರ್ ತನ್ನ ಬುತ್ತಿ ತಂದು ಮೇಜಿನ ಮೇಲೆ ಬಿಚ್ಚಿದ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಾನು ರೊಟ್ಟಿ ಮುರಿದು ಅವರ ಮುಂದಿಟ್ಟು, "ಉಣ್ರಿ" ಅಂದೆ. ಬಹಳ ಹೊತ್ತು ನೋಡಿದರು. ಆಮೇಲೆ ಉಂಡರು, ಅಳುತ್ತಲೇ ಉಂಡರು.

ಅವರು ಮುಂದೆಯೂ ದಿನ ತಪ್ಪದೆ ಕೆಲಸಕ್ಕೆ ಬಂದರು. ದಾಸ್ತಾನು ಬರುತ್ತಿತ್ತು, ಟಣ್ ಬರುತ್ತಿರಲಿಲ್ಲ. ಸಾಹೇಬರು ಒಳಗಿಂದ ಕೂಗುವುದನ್ನು ಬಿಟ್ಟರು. ಖಾದರ್ ಚಹಾಕ್ಕೆ ಗಡಿಯಾರ ನೋಡಿ ಹೇಳತೊಡಗಿದ. ನಾನು ಬೆಳಿಗ್ಗೆ ಬಂದು ಕೂತು, ಆ ತಂತಿಯ ಆಚೆಯ ಮೌನ ಕೇಳುತ್ತಿದ್ದೆ. ಸರಿಯಾಗಿದ್ದರೆ ಮೌನ ಎಂದು ಊರಿಗೆಲ್ಲ ಕಲಿಸಿದವನು ನಾನು. ಮಕ್ಕಳೇ, ಅದು ಯಂತ್ರಕ್ಕೆ ಮಾತ್ರ.

ಹೀಗಿರುವಾಗ, ಮೊದಲ ಮಳೆ ಬಿದ್ದು ಬೀಜದ ಗಡಿಬಿಡಿ ಶುರುವಾದ ಒಂದು ಬೆಳಿಗ್ಗೆ, ನಾನು ಚಪ್ಪಲಿ ಬಿಟ್ಟು ಕೋಣೆಯೊಳಗೆ ಕಾಲಿಡುತ್ತಿದ್ದಾಗ ಟರ್ಮಿನಲ್ ಟಣ್ ಅಂದಿತು. ಖಾದರ್ ಕುರ್ಚಿಯಿಂದ ಎದ್ದು ನಿಂತ. ಪಕ್ಕದ ಕೋಣೆಯಲ್ಲಿ ಸಾಹೇಬರ ಕುರ್ಚಿ ಸರಿದ ಸಪ್ಪಳ ಕೇಳಿತು.

"ಶರಣಪ್ಪಾ, ಕಮಲಾಪುರ ಬಂತೇನೋ?"

"ಹೂಂ ರೀ" ಅಂದೆ.